ಅಗ್ಗದ ಅರಮನೆ, ಪುಕ್ಕಟೆ ಭೂತ

ಐತಿಹಾಸಿಕ ಕಾದಂಬರಿಗಳನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂಬ ಮಾತು ಹಳೆಯ ಓದುಗರಿಗೆ ಹೊಸದಲ್ಲ. ಇಂದು ಅದೇ ಗಳಗನಾಥರನ್ನು ಓದಲು ಹೆಗಲ ಮೇಲೆ ಗಂಟು ಬೇಕಿಲ್ಲ. ಅಂಗಿ ಜೇಬಿನ ಮೊಬೈಲು ಸಾಕು. ರಾಜರು, ಕೋಟೆಗಳು, ಕತ್ತಿವರಸೆ, ಬೇತಾಳ, ರಕ್ತಪಿಶಾಚಿ ಎಲ್ಲವೂ ಅಂಗೈಯಗಲದ ಗಾಜಿನೊಳಗೆ ಬಂದು ಕುಳಿತಿವೆ. ಕೆಲವಕ್ಕೆ ಬೆಲೆ, ಕೆಲವಕ್ಕೆ ಅರ್ಧ ಬೆಲೆ, ಇನ್ನು ಕೆಲವು ಪುಕ್ಕಟೆ. ಹೊರೆಯೇನೋ ಇಳಿಯಿತು. ಓದು ಏರಿತೇ?

ಈ ಪ್ರಶ್ನೆ ನನಗೆ ಎದುರಾದದ್ದು ಚಿತ್ರದುರ್ಗದಲ್ಲಿ, ಅಕ್ಕನ ಮನೆಯ ಜಗಲಿಯ ಮೇಲೆ. ಬೇಸಿಗೆ ರಜೆ. ಅಕ್ಕನ ಮಗಳು ಮೊದಲ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು.

'ಮಾಮ, ನನ್ನ ಫೋನಲ್ಲಿ ಸಾವಿರದ ಇನ್ನೂರು ಕಾದಂಬರಿ ಇವೆ, ಗೊತ್ತಾ? ಎಲ್ಲಾ ಫ್ರೀ!' ಎಂದಳು.

'ಓದಿದ್ದೆಷ್ಟು?'

ಸ್ವಲ್ಪ ಹೊತ್ತು ಲೆಕ್ಕ ಹಾಕಿ, 'ಎರಡೂವರೆ' ಎಂದಳು.

ಒಳಗಿನಿಂದ ಅಕ್ಕನ ದನಿ ಬಂತು: 'ಫೋನಲ್ಲಿ ಜಾಗ ಇಲ್ಲ, ಹೊಸದು ಕೊಡಿಸು ಅಂತಾಳೆ ಕಣೋ. ಅದೇನೋ ಪುಸ್ತಕದ ಚಂದಾ ಅಂತ ಮೂರು ತಿಂಗಳಿಂದ ನನ್ನ ಅಕೌಂಟಿಂದ ದುಡ್ಡು ಬೇರೆ ಹೋಗ್ತಿದೆ!'

ಆ ಸಾವಿರದ ಇನ್ನೂರರ ರಾಶಿಯನ್ನು ಸರಿಸುತ್ತಾ ಹೋದಾಗ ಒಂದು ಕಡೆ ನನ್ನ ಬೆರಳು ನಿಂತುಬಿಟ್ಟಿತು. ನನಗೆ ಪರಿಚಯವಿರುವ ಒಬ್ಬ ಲೇಖಕರ ಇತ್ತೀಚಿನ ಐತಿಹಾಸಿಕ ಕಾದಂಬರಿ ಅದು. ಮುದ್ರಿತ ಪುಸ್ತಕದ ಪುಟಗಳನ್ನು ಯಾರೋ ಒಂದೊಂದಾಗಿ ಫೋಟೋ ತೆಗೆದು ಪಿಡಿಎಫ್ ಮಾಡಿದ್ದರು. ಕೆಲವು ಪುಟಗಳಲ್ಲಿ ಹಿಡಿದವರ ಹೆಬ್ಬೆರಳೂ ಕಾಣುತ್ತಿತ್ತು. ಆ ಪುಸ್ತಕಕ್ಕಾಗಿ ಅವರು ಎಷ್ಟು ವರ್ಷ ಶಾಸನಗಳನ್ನು ಹುಡುಕಿ ಅಲೆದಿದ್ದರೆಂಬುದು ನನಗೆ ಗೊತ್ತಿತ್ತು.

ಹುಡುಗಿಯನ್ನು ಗದರಿಸಬೇಕೆನಿಸಲಿಲ್ಲ. ಅವಳಿಗೆ ಬೇಕಾಗಿದ್ದುದು ಕಥೆ. ಕೈಯಲ್ಲಿದ್ದುದು ಕಡಿಮೆ ದುಡ್ಡು. ನ್ಯಾಯವಾದ ದಾರಿಯಲ್ಲೇ ಅಗ್ಗವಾಗಿ, ಎಷ್ಟೋ ಸಲ ಪುಕ್ಕಟೆಯಾಗಿ ಸಿಗುವ ಪುಸ್ತಕಗಳು ಎಲ್ಲಿವೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿದ್ಯಾರ್ಥಿಗಳಿಗೂ ಪಾಲಕರಿಗೂ ಹೇಳುತ್ತಿದ್ದೇನೆ.

ಬೆಲೆ ಇಳಿಯುವುದೇಕೆ?

ಅಚ್ಚಾದ ಪುಸ್ತಕಕ್ಕೆ ಕಾಗದ, ಮಸಿ, ಹೊಲಿಗೆ, ಸಾಗಣೆಯ ಖರ್ಚುಂಟು. ಇ-ಪುಸ್ತಕದ ಒಂದು ಪ್ರತಿ ಮಾರಿದರೂ ಸಾವಿರ ಪ್ರತಿ ಮಾರಿದರೂ ಪ್ರಕಾಶಕರ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಲೇಖಕರ ಸಂಭಾವನೆ, ಸಂಪಾದಕರ ಶ್ರಮ, ಮುಖಪುಟ, ಪ್ರಚಾರ ಇವೇ ಅದರ ಮುಖ್ಯ ವೆಚ್ಚ. ಆದ್ದರಿಂದಲೇ ಇ-ಪುಸ್ತಕದ ಬೆಲೆಯನ್ನು ಒಂದು ದಿನದ ಮಟ್ಟಿಗೆ ಇಳಿಸಿ ಮರುದಿನ ಏರಿಸುವುದು ಸುಲಭ. ನಿನ್ನೆ 399 ರೂಪಾಯಿ ಇದ್ದದ್ದು ಇಂದು 79 ಆಗಿ, ನಾಳೆ ಮತ್ತೆ 399 ಆಗಬಹುದು.

ಈ ಇಳಿತಕ್ಕೆ ಸಾಮಾನ್ಯವಾಗಿ ಕಾರಣವೊಂದು ಇದ್ದೇ ಇರುತ್ತದೆ. ಲೇಖಕರ ಹೊಸ ಪುಸ್ತಕ ಬರುವ ಮುನ್ನ ಹಳೆಯದನ್ನು ಅಗ್ಗಕ್ಕೆ ಕೊಡುತ್ತಾರೆ. ಕಾದಂಬರಿ ಸಿನಿಮಾ ಅಥವಾ ಧಾರಾವಾಹಿಯಾದಾಗ ಕೊಡುತ್ತಾರೆ. ಹಬ್ಬದ ದಿನಗಳಲ್ಲಿ ಕೊಡುತ್ತಾರೆ. ದೆವ್ವದ ಕಥೆಗಳಿಗೆ ಪಶ್ಚಿಮದಲ್ಲಿ ಅಕ್ಟೋಬರ್ ಕೊನೆಯೇ ಸುಗ್ಗಿ. ಹ್ಯಾಲೋವೀನ್ ಹಬ್ಬದ ನೆಪದಲ್ಲಿ ಆ ಬಗೆಯ ಪುಸ್ತಕಗಳ ಬೆಲೆ ಇಳಿಯುತ್ತದೆ. ನಮ್ಮಲ್ಲಿ ನವೆಂಬರ್ ರಾಜ್ಯೋತ್ಸವದ ತಿಂಗಳಲ್ಲಿ ಅನೇಕ ಕನ್ನಡ ಪ್ರಕಾಶಕರು ರಿಯಾಯಿತಿ ಕೊಡುವುದು ರೂಢಿ.

ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು ಸರಣಿಯ ಮೊದಲ ಪುಸ್ತಕವನ್ನು ಅಗ್ಗಕ್ಕೆ ಕೊಡುವ ಉಪಾಯ. ಐತಿಹಾಸಿಕ ಕಾದಂಬರಿಗಳೂ ಅತಿಮಾನುಷ ಕಥೆಗಳೂ ಇಂಗ್ಲಿಷಿನಲ್ಲಿ ಬಹುಪಾಲು ಸರಣಿಯಾಗಿಯೇ ಬರುತ್ತವೆ. ಬರ್ನಾರ್ಡ್ ಕಾರ್ನ್‌ವೆಲ್ ಅವರು ಸ್ಯಾಕ್ಸನ್ನರ ಕಾಲದ ಇಂಗ್ಲೆಂಡನ್ನು ಕುರಿತು 2004ರಲ್ಲಿ ಆರಂಭಿಸಿದ ಸರಣಿ 2020ರಲ್ಲಿ ಮುಗಿಯುವ ಹೊತ್ತಿಗೆ ಹದಿಮೂರು ಪುಸ್ತಕಗಳಾಗಿದ್ದವು. ಇಂತಹ ಯಾವುದೇ ಸರಣಿಯ ಮೊದಲನೆಯದು ಐವತ್ತು ರೂಪಾಯಿಗೆ ಸಿಕ್ಕಿತೆಂದು ಹಿಗ್ಗುವ ಮುನ್ನ ಉಳಿದವುಗಳ ಬೆಲೆಯನ್ನೂ ಕೂಡಿ ನೋಡಬೇಕು. ಕಡಲೆ ಕೊಟ್ಟು ಬಾಯಾರಿಸಿ ಆಮೇಲೆ ನೀರು ಮಾರುವ ವ್ಯಾಪಾರವಿದು. ತಪ್ಪೇನಿಲ್ಲ, ಗಿರಾಕಿಗೆ ಲೆಕ್ಕ ಗೊತ್ತಿರಬೇಕು, ಅಷ್ಟೆ.

ರಿಯಾಯಿತಿ ಹಿಡಿಯುವ ಉಪಾಯ ಸರಳ. ಬೇಕಾದ ಪುಸ್ತಕವನ್ನು ಕಂಡ ಕೂಡಲೇ ಕೊಳ್ಳಬೇಡಿ. ಅಂಗಡಿಯ ಆ್ಯಪ್‌ನಲ್ಲಿರುವ 'ವಿಶ್‌ಲಿಸ್ಟ್'ಗೆ ಸೇರಿಸಿಡಿ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಪತ್ರಿಕೆ ಓದಿದಂತೆ, ಆ ಪಟ್ಟಿಯನ್ನು ಒಮ್ಮೆ ನೋಡಿ. ಕಿಂಡಲ್, ಗೂಗಲ್ ಪ್ಲೇ ಬುಕ್ಸ್ ಮುಂತಾದ ಅಂಗಡಿಗಳಲ್ಲಿ ಆಗಾಗ ರಿಯಾಯಿತಿಯ ಪುಟಗಳಿರುತ್ತವೆ. ಬುಕ್‌ಬಬ್ ಎಂಬ ಸೇವೆಯು ನೀವು ಆರಿಸಿದ ಪ್ರಕಾರದ, ಅಂದರೆ ಐತಿಹಾಸಿಕ ಅಥವಾ ಅತಿಮಾನುಷ ಎಂದು ಗುರುತು ಹಾಕಿದ, ಅಗ್ಗದ ಇ-ಪುಸ್ತಕಗಳ ಸುದ್ದಿಯನ್ನು ಇ-ಮೇಲ್ ಮೂಲಕ ಕಳಿಸುತ್ತದೆ. ಕಿಂಡಲ್ ಪುಸ್ತಕ ಓದಲು ಕಿಂಡಲ್ ಯಂತ್ರವೇ ಬೇಕೆಂದೇನಿಲ್ಲ. ಮೊಬೈಲಿನ ಆ್ಯಪ್ ಸಾಕು.

ಕೊಳ್ಳುವ ಮುಂಚೆ ಮಾದರಿ ಪುಟಗಳನ್ನು ತಪ್ಪದೆ ಓದಬೇಕು. ಅಂಗಡಿಯವನು ಮಾವಿನಹಣ್ಣಿನ ಹೋಳು ಕೊಟ್ಟು ರುಚಿ ನೋಡಿ ಎಂದಂತೆ ಅದು. ಹತ್ತು ಪುಟ ಓದಿದ ಮೇಲೂ ಹನ್ನೊಂದನೆಯದು ಬೇಕೆನಿಸದಿದ್ದರೆ ಆ ಪುಸ್ತಕ ಒಂದು ರೂಪಾಯಿಗೂ ದುಬಾರಿಯೇ.

ಅರವತ್ತು ವರ್ಷದ ಲೆಕ್ಕ

ರಿಯಾಯಿತಿಗಿಂತ ದೊಡ್ಡ ಭಂಡಾರ ಇನ್ನೊಂದಿದೆ. ಅದಕ್ಕೆ ಬೆಲೆಯೇ ಇಲ್ಲ. ಕಾನೂನಿನ ಭಯವೂ ಇಲ್ಲ. ಅದರ ಬಾಗಿಲು ತೆರೆಯಲು ಕೂಡುವ, ಕಳೆಯುವ ಲೆಕ್ಕ ಬಂದರೆ ಸಾಕು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ, ಕೃತಿಯ ಹಕ್ಕು ಅವರದು ಅಥವಾ ವಾರಸುದಾರರದು. ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಕೆ ಆರಂಭ. 60 ವರ್ಷ ಮುಗಿದರೆ ಕೃತಿ ಎಲ್ಲರ ಸೊತ್ತು. ಊರ ಬಾವಿಯ ನೀರಿನಂತೆ ಯಾರು ಬೇಕಾದರೂ ಸೇದಿಕೊಳ್ಳಬಹುದು.

ಮೊದಲು ಈ ಅವಧಿ 50 ವರ್ಷವಿತ್ತು. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡರು. 1991ರ ಕೊನೆಗೆ ಅವರ ಕೃತಿಗಳ ಹಕ್ಕು ಮುಗಿಯಬೇಕಿತ್ತು. ಆ ಸಮಯಕ್ಕೆ ಸರಿಯಾಗಿ ಕೇಂದ್ರ ಸರ್ಕಾರ ಅವಧಿಯನ್ನು ಹತ್ತು ವರ್ಷ ಹೆಚ್ಚಿಸಿತು. 1992ರಲ್ಲಿ ಕಾಯಿದೆಗೇ ತಿದ್ದುಪಡಿಯಾಯಿತು. ಹೀಗಾಗಿ ಠಾಕೂರರ ಕೃತಿಗಳು ಎಲ್ಲರದಾದದ್ದು 2002ರಲ್ಲಿ.

ಅವರ 'ಕ್ಷುಧಿತ ಪಾಷಾಣ' ಎಂಬ ಕಥೆಯಲ್ಲಿ ಪಾಳುಬಿದ್ದ ಹಳೆಯ ಅರಮನೆಯಿದೆ, ರಾತ್ರಿಯಾದೊಡನೆ ಎದ್ದು ಬರುವ ಗತಕಾಲದ ನೆರಳುಗಳಿವೆ. ಇತಿಹಾಸವೂ ಭೂತವೂ ಒಂದೇ ಸೂರಿನಡಿ! ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ, 1878ರಲ್ಲಿ ಹದಿನೇಳರ ಹುಡುಗನಾಗಿ ರವೀಂದ್ರರು ಕಳೆದ ದಿನಗಳೇ ಆ ಕಥೆಯ ಬೀಜ. ಅದೇ ಅಣ್ಣ ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಅಲ್ಲಿಗೂ ಬಂದಿದ್ದರು. 1916ರಲ್ಲಿ ಪ್ರಕಟವಾದ ಇದರ ಇಂಗ್ಲಿಷ್ ರೂಪ ಇಂದು ಪುಕ್ಕಟೆಯಾಗಿ ಸಿಗುತ್ತದೆ. ಒಂದು ಎಚ್ಚರಿಕೆ: ಮೂಲ ಕೃತಿ ಮುಕ್ತವಾದರೂ ಅನುವಾದಕ್ಕೆ ಪ್ರತ್ಯೇಕ ಹಕ್ಕುಂಟು. ಇತ್ತೀಚಿನವರು ಮಾಡಿದ ಕನ್ನಡ ಅನುವಾದ ಅನುವಾದಕರ ಸ್ವತ್ತು.

ದೇಶ ಬದಲಾದರೆ ಲೆಕ್ಕವೂ ಬದಲು. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಎಣಿಸುತ್ತಾರೆ. ಜಾರ್ಜೆಟ್ ಹೇಯರ್ ಅವರ ಮೊದಲ ಐತಿಹಾಸಿಕ ಕಾದಂಬರಿ 'ದಿ ಬ್ಲ್ಯಾಕ್ ಮಾತ್' ಬಂದದ್ದು 1921ರಲ್ಲಿ. ಆದ್ದರಿಂದ ಅದು ಅಮೆರಿಕದಲ್ಲಿ ಎಲ್ಲರದು. ಆದರೆ ಅವರು ತೀರಿಕೊಂಡದ್ದು 1974ರಲ್ಲಿ. ನಮ್ಮ ಲೆಕ್ಕದಂತೆ 2034ರ ಕೊನೆಯವರೆಗೆ ಹಕ್ಕು ಉಳಿದಿದೆ. ವಿದೇಶದ ತಾಣದಲ್ಲಿ ಪುಕ್ಕಟೆ ಕಂಡದ್ದೆಲ್ಲ ಇಲ್ಲಿಯೂ ಮುಕ್ತವೆಂದು ತಿಳಿಯಬಾರದು.

ಸಮುದ್ರದಾಚೆಯ ಭೂತಗಳು

1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಇತರರಿಗೂ ಸಿಗುವಂತೆ ಇಟ್ಟ. ಅದೇ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಆರಂಭ. ಇಂದು ಅಲ್ಲಿ 70 ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. ಸದಸ್ಯತ್ವ ಬೇಡ, ದುಡ್ಡು ಬೇಡ, ಕಾರ್ಡಿನ ಸಂಖ್ಯೆ ಬೇಡ.

ಇತಿಹಾಸ ಮತ್ತು ಅತಿಮಾನುಷ ಎರಡನ್ನೂ ಇಷ್ಟಪಡುವ ವಿದ್ಯಾರ್ಥಿಗೆ ಅಲ್ಲಿ ಹಬ್ಬದೂಟವೇ ಇದೆ. ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಕೋಟೆ ಕೊತ್ತಲಗಳ ನಡುವೆ ದೆವ್ವ ಕುಣಿಸಿದ ಮೊದಲ ಗಾಥಿಕ್ ಕಾದಂಬರಿ ಎನಿಸಿಕೊಂಡಿದೆ. ಅದನ್ನು ಆತ ಮೊದಲು ಇಟಲಿಯ ಹಳೆಯ ಕೃತಿಯೊಂದರ ಅನುವಾದವೆಂದು ಹೇಳಿ ಓದುಗರನ್ನು ನಂಬಿಸಿದ್ದ! ವಾಲ್ಟರ್ ಸ್ಕಾಟ್ 1814ರಲ್ಲಿ ಹೆಸರು ಹಾಕದೆ ಪ್ರಕಟಿಸಿದ 'ವೇವರ್ಲಿ' ಐತಿಹಾಸಿಕ ಕಾದಂಬರಿಯ ದಾರಿಯನ್ನೇ ಹಾಕಿಕೊಟ್ಟಿತು. ಡ್ಯೂಮಾನ 'ದಿ ತ್ರೀ ಮಸ್ಕಿಟಿಯರ್ಸ್' 1844ರಲ್ಲಿ ಪ್ಯಾರಿಸಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಫ್ರಾನ್ಸಿನ ಕ್ರಾಂತಿಯನ್ನು ಪಠ್ಯದಲ್ಲಿ ಓದುವ ವಿದ್ಯಾರ್ಥಿಗೆ ಡಿಕನ್ಸ್‌ನ 1859ರ 'ಎ ಟೇಲ್ ಆಫ್ ಟೂ ಸಿಟೀಸ್' ಆ ಕಾಲದ ಬೀದಿಗಳನ್ನೇ ತೋರಿಸುತ್ತದೆ.

ಹದಿಹರೆಯದವರು ತಿಳಿಯಬೇಕಾದ ಕಥೆ ಇನ್ನೊಂದಿದೆ. 1816ರ ಬೇಸಿಗೆ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಎದ್ದ ಧೂಳಿನಿಂದ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಸಿಕ್ಕಿ ಕುಳಿತಿದ್ದವರಿಗೆ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಅಲ್ಲಿದ್ದ ಮೇರಿ ಎಂಬ ಹದಿನೆಂಟರ ಹುಡುಗಿ ಬರೆಯತೊಡಗಿದ್ದೇ 1818ರಲ್ಲಿ ಪ್ರಕಟವಾದ 'ಫ್ರಾಂಕನ್‌ಸ್ಟೈನ್'. ಗುಟೆನ್‌ಬರ್ಗ್‌ನ ಪಟ್ಟಿಯಲ್ಲಿ ಅದರ ಸಂಖ್ಯೆ 84. ಬ್ರಾಮ್ ಸ್ಟೋಕರ್‌ನ 1897ರ 'ಡ್ರಾಕುಲಾ' ಬೇಕೆಂದರೆ 345.

ಇದೇ ಹಳೆಯ ಪುಸ್ತಕಗಳನ್ನು ಇನ್ನಷ್ಟು ಅಚ್ಚುಕಟ್ಟಾಗಿ ಜೋಡಿಸಿ ಕೊಡುವ ಸ್ಟ್ಯಾಂಡರ್ಡ್ ಇಬುಕ್ಸ್ ಎಂಬ ತಾಣವಿದೆ. ಕಣ್ಣು ದಣಿದಾಗ ಕೇಳಲು, ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ ಪುಸ್ತಕಗಳ ಲಿಬ್ರಿವಾಕ್ಸ್ 2005ರಿಂದ ಇದೆ. ಇಂಗ್ಲಿಷ್ ಉಚ್ಚಾರಣೆ ಕಲಿಯಬೇಕೆನ್ನುವ ನಮ್ಮ ಊರುಗಳ ಮಕ್ಕಳಿಗೆ ಪುಸ್ತಕವನ್ನು ಕಣ್ಣಿಂದ ಓದುತ್ತಾ ಕಿವಿಯಿಂದ ಕೇಳುವುದು ಒಳ್ಳೆಯ ಅಭ್ಯಾಸ.

ಒಂದು ಮೋಸವನ್ನು ಇಲ್ಲೇ ಹೇಳಿಬಿಡಬೇಕು. ಪುಕ್ಕಟೆ ಸಿಗುವ ಇವೇ ಕೃತಿಗಳನ್ನು ಗಂಟುಕಟ್ಟಿ 'ಐವತ್ತು ಶ್ರೇಷ್ಠ ಭಯಾನಕ ಕಾದಂಬರಿಗಳು, ಕೇವಲ 49 ರೂಪಾಯಿ' ಎಂಬ ಬಗೆಯಲ್ಲಿ ಮಾರುವವರಿದ್ದಾರೆ. ಕೆಲವರ ಕೆಲಸ ಚೊಕ್ಕ. ಹಲವರದು ತಪ್ಪುಗಳ ಕಂತೆ, ಅಧ್ಯಾಯಗಳೇ ಮಾಯ. 49 ರೂಪಾಯಿ ದೊಡ್ಡದಲ್ಲ. ಆದರೆ ಅಂತಹ ಪ್ರತಿ ಓದಿದ ಮಗು 'ಡ್ರಾಕುಲಾ ಬೋರು' ಎಂದು ಬದಿಗಿಟ್ಟರೆ ಆ ನಷ್ಟ ದೊಡ್ಡದು.

ಕನ್ನಡದಲ್ಲಿ ಏನುಂಟು?

ಕನ್ನಡದಲ್ಲಿ ಪುಕ್ಕಟೆ ಸಿಗುವುದು ಕಡಿಮೆ ಎಂಬ ಮಾತು ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ. ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಒಂದು ಇಡೀ ಪೀಳಿಗೆಗೆ ಓದಿನ ರುಚಿ ಹತ್ತಿಸಿದ ಬಿ. ವೆಂಕಟಾಚಾರ್ಯರು ತೀರಿಕೊಂಡದ್ದು 1914ರಲ್ಲಿ. ಕೆರೂರು ವಾಸುದೇವಾಚಾರ್ಯರು 1921ರಲ್ಲಿ. ವಿಜಯನಗರ ಸ್ಥಾಪನೆಯ ಹಿನ್ನೆಲೆಯ 'ಮಾಧವ ಕರುಣಾವಿಲಾಸ' ಬರೆದ ಗಳಗನಾಥರು 1942ರಲ್ಲಿ. ಇವರೆಲ್ಲರ ಕೃತಿಗಳು ಈಗ ಎಲ್ಲರ ಸೊತ್ತು. ಕೆಂಪುನಾರಾಯಣನ 'ಮುದ್ರಾಮಂಜೂಷ'ವಂತೂ 1823ರದು. ನಂದರು, ಚಾಣಕ್ಯ, ಚಂದ್ರಗುಪ್ತರ ಆ ಕಥೆ ಈಗ ಇನ್ನೂರು ವರ್ಷ ದಾಟಿದೆ. ವಿಶ್ವಾಮಿತ್ರನ ಕಥೆಯನ್ನು 'ಮಹಾಬ್ರಾಹ್ಮಣ'ವಾಗಿ ಬರೆದ ದೇವುಡು ಅವರು ತೀರಿಕೊಂಡದ್ದು 1962ರಲ್ಲಿ. ಹೀಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2023ರ ಜನವರಿ 1ರಿಂದ ಮುಕ್ತ. ಲೇಖಕರು ತೀರಿಕೊಂಡ ಬಳಿಕ ಮೊದಲ ಬಾರಿ ಅಚ್ಚಾದ ಕೃತಿಗೆ ಮಾತ್ರ ಪ್ರಕಟಣೆಯ ವರ್ಷದಿಂದ ಎಣಿಸಬೇಕು.

ಇನ್ನೂ ಮುಕ್ತವಾಗದವರೂ ಇದ್ದಾರೆ. ಅ.ನ.ಕೃ. 1971ರಲ್ಲಿ ತೀರಿಕೊಂಡರು, 2031ರ ಕೊನೆಯವರೆಗೆ ಕಾಯಬೇಕು. 'ದುರ್ಗಾಸ್ತಮಾನ'ದ ತ.ರಾ.ಸು. 1984ರಲ್ಲಿ, 'ಚಿಕವೀರ ರಾಜೇಂದ್ರ'ದ ಮಾಸ್ತಿ 1986ರಲ್ಲಿ. ಇವರ ಪುಸ್ತಕಗಳನ್ನು ಕೊಂಡೇ ಓದಬೇಕು, ಇಲ್ಲವೇ ಗ್ರಂಥಾಲಯದಿಂದ ತರಬೇಕು.

ಮುಕ್ತವಾದವು ಸಿಗುವುದೆಲ್ಲಿ? ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೈಜೋಡಿಸಿದ್ದ ಆ ದೊಡ್ಡ ಕೆಲಸದಲ್ಲಿ, ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಹುಡುಕುವಾಗ ಹೆಸರನ್ನು ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಬಗೆಯಲ್ಲೂ ಬರೆದು ನೋಡಿ. ಪಟ್ಟಿ ಮಾಡಿದವರು ಒಂದೇ ಹೆಸರನ್ನು ಹಲವು ರೀತಿ ಬರೆದಿರುತ್ತಾರೆ. ಆದರೆ ಅಲ್ಲಿರುವುದೆಲ್ಲ ಮುಕ್ತವೆಂದಲ್ಲ. ಅರವತ್ತರ ಲೆಕ್ಕವನ್ನು ನೀವೇ ಹಾಕಿಕೊಳ್ಳಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಅಕ್ಷರ ಅಕ್ಷರ ತಿದ್ದಿ ಪಠ್ಯವಾಗಿಸುತ್ತಿದ್ದಾರೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಐಐಟಿ ಖರಗ್‌ಪುರ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಇದೆ. ಹೊಸ ಕನ್ನಡ ಇ-ಪುಸ್ತಕ ಕೊಳ್ಳಲು ಗೂಗಲ್ ಪ್ಲೇ ಬುಕ್ಸ್ ಇದೆ, ಮೈಲ್ಯಾಂಗ್‌ನಂತಹ ಕನ್ನಡಿಗರೇ ಕಟ್ಟಿದ ಆ್ಯಪ್ ಇದೆ.

ಒಂದು ತೊಡಕುಂಟು. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಪುಟದ ಫೋಟೋ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಓಡುತ್ತದೆ. 'ಇಪಬ್' ಎಂಬ ರೂಪದ ಪುಸ್ತಕದಲ್ಲಾದರೆ ಅಕ್ಷರ ಹಿಗ್ಗಿದಂತೆ ಸಾಲೂ ಹೊಂದಿಕೊಳ್ಳುತ್ತದೆ. ಸಣ್ಣ ಮೊಬೈಲಿನಲ್ಲಿ ಓದುವವರು ಇಪಬ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಕಣ್ಣಿಗೆ ಹಿತ.

ಬೇತಾಳನನ್ನು ಮರೆಯುವುದುಂಟೇ? ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದಲ್ಲಿ ಬರೆದ 'ಕಥಾಸರಿತ್ಸಾಗರ'ದಲ್ಲಿ ವಿಕ್ರಮ-ಬೇತಾಳರ ಕಥೆಗಳಿವೆ. ಅದರ ಟಾನಿ ಅವರ ಇಂಗ್ಲಿಷ್ ಅನುವಾದ ಪುಕ್ಕಟೆ ಸಿಗುತ್ತದೆ. ರಿಚರ್ಡ್ ಬರ್ಟನ್ 1870ರಲ್ಲಿ ಇದೇ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ನಮ್ಮ ಬೇತಾಳನನ್ನು 'ವ್ಯಾಂಪೈರ್' ಎಂದು ಕರೆದ. ಅದು ಡ್ರಾಕುಲಾ ಹುಟ್ಟುವುದಕ್ಕೆ 27 ವರ್ಷ ಮುಂಚಿನ ಮಾತು.

ಗೆದ್ದು ಸೋತ ಡಿಕನ್ಸ್

ಮತ್ತೆ ಆ ಹೆಬ್ಬೆರಳಿನ ಪಿಡಿಎಫ್‌ಗೆ ಬರೋಣ. 'ಒಬ್ಬಳು ಓದಿದರೆ ಅವರಿಗೇನು ನಷ್ಟ, ಮಾಮ?' ಎಂದಿದ್ದಳು ಹುಡುಗಿ. ಅವಳಿಗೆ ಉತ್ತರವಾಗಿ ಒಂದು ದೆವ್ವದ ಕಥೆಯ ಕಥೆ ಹೇಳಿದೆ.

1843ರ ಡಿಸೆಂಬರ್ 19ರಂದು ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಪ್ರಕಟವಾಯಿತು. ಜಿಪುಣನೊಬ್ಬನ ಮನೆಗೆ ದೆವ್ವಗಳು ಬಂದು ಅವನ ಕಣ್ಣು ತೆರೆಸುವ ಕಥೆ. ಕ್ರಿಸ್‌ಮಸ್ ಹಿಂದಿನ ದಿನದೊಳಗೆ ಆರು ಸಾವಿರ ಪ್ರತಿಗಳೂ ಖರ್ಚಾದವು. ಜನವರಿಯಲ್ಲೇ ಕಳ್ಳ ಪ್ರಕಾಶಕರು ಅದರ ಅಗ್ಗದ ಆವೃತ್ತಿ ಹೊರತಂದರು. ಡಿಕನ್ಸ್ ಕೋರ್ಟಿಗೆ ಹೋದ, ಗೆದ್ದ. ಕಳ್ಳರು ದಿವಾಳಿ ಘೋಷಿಸಿ ಕೈಚೆಲ್ಲಿದರು. ಮೊಕದ್ದಮೆಯ 700 ಪೌಂಡ್ ಖರ್ಚು ಗೆದ್ದವನ ತಲೆಗೇ ಬಂತು! ಇಂಗ್ಲೆಂಡಿನ ಅತಿ ಜನಪ್ರಿಯ ಲೇಖಕನ ಪಾಡೇ ಇದು. ಇನ್ನು ಐನೂರು, ಸಾವಿರ ಪ್ರತಿ ಅಚ್ಚುಹಾಕಿಸುವ ಕನ್ನಡದ ಲೇಖಕರ ಗತಿ?

ಹಳೆಯ ಪುಸ್ತಕವನ್ನು ಗೆಳತಿಗೆ ಓದಲು ಕೊಟ್ಟರೆ ಪ್ರತಿ ಒಂದೇ ಇರುತ್ತದೆ. ಪಿಡಿಎಫ್ ಗುಂಪಿಗೆ ಹಾಕಿದರೆ ಒಂದು ಸಾವಿರವಾಗುತ್ತದೆ, ಕೊಳ್ಳುವವರು ಇಲ್ಲವಾಗುತ್ತಾರೆ. ಕೊಳ್ಳುವವರಿಲ್ಲದಿದ್ದರೆ ಎರಡನೆಯ ಮುದ್ರಣವಿಲ್ಲ. ಲೇಖಕರು ಮುಂದಿನ ಕಾದಂಬರಿಗೆ ಕೈಹಾಕುವುದೂ ಅನುಮಾನ. ಕಾನೂನಿನ ಮಾತಾದರೆ, ಕೃತಿಸ್ವಾಮ್ಯ ಕಾಯಿದೆಯ 63ನೆಯ ಕಲಮಿನಂತೆ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇಂತಹ ಗುಂಪುಗಳಲ್ಲಿ ಪುಸ್ತಕದ ವೇಷದಲ್ಲಿ ಬರುವ 'ಎಪಿಕೆ' ಕಡತಗಳು ಮೊಬೈಲಿನ ಬ್ಯಾಂಕ್ ಮಾಹಿತಿಗೇ ಕನ್ನ ಹಾಕಬಹುದು. ಅಂತಹುದನ್ನು ಮುಟ್ಟಲೇಬಾರದು.

ಕೊಂಡದ್ದೆಲ್ಲ ನಮ್ಮದೇ?

ದುಡ್ಡು ಕೊಟ್ಟು ಕೊಂಡ ಇ-ಪುಸ್ತಕ ಕಪಾಟಿನ ಪುಸ್ತಕದಂತಲ್ಲ. ಬಹುತೇಕ ಅಂಗಡಿಗಳು ಮಾರುವುದು ಓದುವ ಅನುಮತಿಯನ್ನು. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ ಪ್ರತಿಗಳೆಂಬ ಕಾರಣಕ್ಕೆ, ಕೊಂಡವರ ಕಿಂಡಲ್‌ಗಳಿಂದಲೇ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಅಳಿಸಿ ಹಣ ಮರಳಿಸಿತು. ಅವುಗಳಲ್ಲೊಂದು, ಪ್ರಜೆಗಳ ಮೇಲೆ ಸದಾ ಕಣ್ಣಿಟ್ಟ ಸರ್ಕಾರದ ಕಥೆಯಾದ '1984' ಎಂಬುದು ವಿಚಿತ್ರ ಯೋಗಾಯೋಗ. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಹಣ ಹಿಂದಿರುಗಿತು, ಪುಸ್ತಕಗಳು ಹೋದವು.

ಇದರರ್ಥ ಇ-ಪುಸ್ತಕ ಕೊಳ್ಳಬಾರದೆಂದಲ್ಲ. ಒಮ್ಮೆ ಓದಿ ಬಿಡುವಂಥದ್ದಕ್ಕೆ ರಿಯಾಯಿತಿಯ ಇ-ಪುಸ್ತಕ ಸರಿ. ಮತ್ತೆ ಮತ್ತೆ ಓದುವ, ತಮ್ಮ ತಂಗಿಯರಿಗೆ ದಾಟಿಸುವ ಪುಸ್ತಕವಾದರೆ ಅಚ್ಚಿನ ಪ್ರತಿಯೇ ಲಾಭ. ಗುಟೆನ್‌ಬರ್ಗ್‌ನಂತಹ ಕಡೆಯಿಂದ ಇಳಿಸಿಕೊಂಡ ಇಪಬ್ ಮಾತ್ರ ನಿಮ್ಮ ಬಳಿಯೇ ಉಳಿಯುತ್ತದೆ, ಪೆನ್‌ಡ್ರೈವಿಗೂ ಹಾಕಿಟ್ಟುಕೊಳ್ಳಬಹುದು.

ಪಾಲಕರಿಗೆ ಕೆಲವು ಮಾತು

ಮಕ್ಕಳ ಆ್ಯಪ್‌ನಲ್ಲಿ ನಿಮ್ಮ ಕಾರ್ಡನ್ನು ಉಳಿಸಿಡಬೇಡಿ. ಪ್ರತಿ ಖರೀದಿಗೂ ನಿಮ್ಮ ಒಪ್ಪಿಗೆ ಬೇಕಾಗುವಂತೆ ಮಾಡಿಡಿ. 'ಮೊದಲ ತಿಂಗಳು ಪುಕ್ಕಟೆ' ಎಂಬ ಚಂದಾ ಎರಡನೆಯ ತಿಂಗಳಿಂದ ತಾನಾಗಿಯೇ ಹಣ ಕಡಿಯುತ್ತದೆ. ಸೇರಿದ ದಿನವೇ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೀಗೆ ತಾನಾಗಿ ಕಡಿತವಾಗುವ ಹಣದ ಬಗ್ಗೆ ಕನಿಷ್ಠ 24 ಗಂಟೆ ಮುಂಚೆ ಸಂದೇಶ ಬರಬೇಕೆಂಬುದು ರಿಸರ್ವ್ ಬ್ಯಾಂಕ್ 2021ರಲ್ಲಿ ಜಾರಿಗೆ ತಂದ ನಿಯಮ. ಆ ಸಂದೇಶವನ್ನು ಓದದೆ ಅಳಿಸಬೇಡಿ. ಅಕ್ಕನ ಫೋನಿನಲ್ಲೂ ಅಂತಹ ಸಂದೇಶಗಳು ಬಂದು, ಜಾಹೀರಾತುಗಳ ನಡುವೆ ಹೂತುಹೋಗಿದ್ದವು.

ಅತಿಮಾನುಷ ಎಂಬ ಹಣೆಪಟ್ಟಿಯಡಿ ಮಕ್ಕಳಿಗೆ ಒಗ್ಗದ ಕ್ರೌರ್ಯ, ಅಶ್ಲೀಲ ಬರಹಗಳೂ ಅಗ್ಗಕ್ಕೆ ಬರುತ್ತವೆ. ಮುಖಪುಟ ನೋಡಿ ಮೋಸಹೋಗದೆ ಮಾದರಿ ಪುಟಗಳನ್ನು ನೀವೂ ಓದಿ. ಹಾಗೆಂದು ದೆವ್ವದ ಕಥೆಯೆಂದೊಡನೆ ಮೊಬೈಲ್ ಕಿತ್ತುಕೊಳ್ಳುವುದೂ ಬೇಡ. ನಮ್ಮ ಅಜ್ಜಿಯರು ಕತ್ತಲಲ್ಲಿ ಹೇಳಿದ ಕೊಳ್ಳಿದೆವ್ವದ ಕಥೆ ಕೇಳಿಯೇ ನಾವು ಬೆಳೆದಿಲ್ಲವೇ?

ಐತಿಹಾಸಿಕ ಕಾದಂಬರಿ ಇತಿಹಾಸವಲ್ಲ ಎಂಬುದನ್ನೂ ವಿದ್ಯಾರ್ಥಿಗಳು ನೆನಪಿಡಬೇಕು. ಕಾದಂಬರಿಯ ಮಾತುಕತೆ ಲೇಖಕರ ಕಲ್ಪನೆ. ಅದನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗದು. ಪಠ್ಯಪುಸ್ತಕ ಇಸವಿ ಕೊಡುತ್ತದೆ. ಕಾದಂಬರಿ ಆ ಇಸವಿಯಲ್ಲಿ ಬದುಕಿದ್ದವರ ಎದೆಬಡಿತ ಕೇಳಿಸುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಎರಡಕ್ಕೂ ಲಾಭ.

ಕೊನೆಯದಾಗಿ ಒಂದು ಸಣ್ಣ ಕಟ್ಟಳೆ: ಒಂದು ಓದಿ ಮುಗಿಸಿದ ಮೇಲೆ ಇನ್ನೊಂದು. ಅಗ್ಗವೆಂದು ಕೊಂಡು ಓದದೆ ಬಿಟ್ಟ ಪುಸ್ತಕಕ್ಕಿಂತ ದುಬಾರಿ ಪುಸ್ತಕ ಇನ್ನೊಂದಿಲ್ಲ.

ಅಂದು ಸಂಜೆ ಹುಡುಗಿ ತನ್ನ ಸಾವಿರದ ಇನ್ನೂರರ ಭಂಡಾರವನ್ನು ಶೋಧಿಸಲು ಕುಳಿತಳು. ಲೇಖಕರ ಹೆಸರು, ತೀರಿಕೊಂಡ ವರ್ಷ, ಕೂಡು ಅರವತ್ತು. ಲೆಕ್ಕ ಅವಳಿಗೆ ಆಟವಾಯಿತು. ರಾತ್ರಿ ಊಟದ ಹೊತ್ತಿಗೆ ಉಳಿದದ್ದು ನಲವತ್ತು. 'ಇಷ್ಟೇನಾ?' ಎಂದು ಮುಖ ಸಣ್ಣ ಮಾಡಿದಳು. ಆಮೇಲೆ, ಬರೆದಾಕೆಗೆ ತನ್ನದೇ ವಯಸ್ಸು ಎಂಬ ಕುತೂಹಲಕ್ಕೆ, 'ಫ್ರಾಂಕನ್‌ಸ್ಟೈನ್' ತೆರೆದಳು. ಅಕ್ಕನ ಫೋನಿನಲ್ಲಿ ಆ ಚಂದಾ ರದ್ದಾಯಿತು. ಉಳಿಯುವ ಹಣಕ್ಕೆ ಹುಡುಗಿಯೇ ದಾರಿ ತೋರಿಸಿದಳು: ಮರುದಿನ ಪೇಟೆಗೆ ಹೋಗಿ 'ದುರ್ಗಾಸ್ತಮಾನ'ದ ಅಚ್ಚಿನ ಪ್ರತಿ ತಂದಳು. ನನ್ನ ಪರಿಚಯದ ಲೇಖಕರ ಪುಸ್ತಕ ಅಂಗಡಿಯಲ್ಲಿರಲಿಲ್ಲ. ತರಿಸಿಕೊಡಿ ಎಂದು ಹೇಳಿ ಮುಂಗಡ ಕೊಟ್ಟು ಬಂದಿದ್ದಳು.

ಎರಡು ತಿಂಗಳ ಬಳಿಕ ಫೋನ್ ಮಾಡಿದಳು. 'ಮಾಮ, ಚಿಕ್ಕಂದಿನಿಂದ ಎಷ್ಟು ಸಲ ಕೋಟೆ ಹತ್ತಿದೀನಿ. ಬರೀ ಫೋಟೋ ತೆಗೆದುಕೊಂಡು ಬರ್ತಿದ್ದೆ. ನಿನ್ನೆ ಹೋದಾಗ ಓಬವ್ವನ ಕಿಂಡಿ ಹತ್ರ ಸುಮ್ಮನೆ ಕೂತ್ಕೊಂಡೆ. 1779ರಲ್ಲಿ ಈ ಕೋಟೆ ಹೈದರಾಲಿ ಪಾಲಾದ ದಿನ ಇಲ್ಲಿ ಗಾಳಿ ಹೀಗೇ ಬೀಸ್ತಿತ್ತಾ ಅನ್ನಿಸ್ತು.'

'ಎಷ್ಟಾಯಿತು ಈಗ?' ಎಂದೆ.

'ನಾಲ್ಕು' ಎಂದಳು. 'ಪೂರ್ತಿ ನಾಲ್ಕು.'